ಅತ್ತೆ ನಂಬದ ಬಿಡಿ ಎಣ್ಣೆ

ಇದು ನಡೆದದ್ದು 1971ರ ಕೊನೆಯಲ್ಲಿ, ನಾನು ಚೊಚ್ಚಲ ಬಸುರಿಯಾಗಿದ್ದಾಗ. ನಮ್ಮವರು ಬ್ಯಾಂಕಿನಲ್ಲಿ ಗುಮಾಸ್ತರು. ಮದುವೆಯಾದ ಹೊಸದರಲ್ಲಿ ಮೈಸೂರಿನಿಂದ ತಿರುವನಂತಪುರಕ್ಕೆ ಹಾಕಿದರು. ಅಲ್ಲಿ ಹಾಸಿಗೆ ಬಿಚ್ಚುವಷ್ಟರಲ್ಲಿ ಎರ್ನಾಕುಳಕ್ಕೆ ವರ್ಗವಾಯಿತು. ಪೇಟೆಯಲ್ಲಿ ಬಾಡಿಗೆ ಜಾಸ್ತಿ ಎಂದು ಪಕ್ಕದ ತ್ರಿಪ್ಪುಣಿತ್ತುರದಲ್ಲಿ ಅರ್ಧ ಮನೆ ಹಿಡಿದೆವು. ಒಂದು ಕೋಣೆ, ಒಂದು ಅಡುಗೆಮನೆ, ಹಿಂದೆ ಮರಳಿನ ಅಂಗಳ, ಬಾವಿ. ಬೇಲಿಯ ಆಚೆ ಕಮಲಾಕ್ಷಿ ಚೇಚ್ಚಿಯ ಮನೆ. ಅಲ್ಲಿ ಅಕ್ಕನಿಗೆ ಚೇಚ್ಚಿ ಎನ್ನುತ್ತಾರೆ. ಆಕೆ ನನಗೆ ಅಕ್ಕನೂ ಹೌದು, ಮಲಯಾಳದ ಮೇಷ್ಟ್ರೂ ಹೌದು.

ಇವರ ಸಂಬಳದಲ್ಲಿ ಒಂದು ಪಾಲು ಮೈದುನನ ಕಾಲೇಜಿಗೆ ಹೋಗುತ್ತಿತ್ತು. ಉಳಿದದ್ದರಲ್ಲಿ ತಿಂಗಳು ದೂಡುವುದು ನನ್ನ ಕೆಲಸ. ತಿರುವನಂತಪುರದಲ್ಲಿದ್ದಾಗ ನಮ್ಮ ಕಡೆಯ ಆಫೀಸರ ಹೆಂಡತಿಯರನ್ನು ನೋಡಿದ್ದೆ. ಅವರ ಅಡುಗೆಮನೆಯ ಗೂಡಿನಲ್ಲಿ ಎಲ್ಲವೂ ಹೆಸರಿನ ಡಬ್ಬಗಳು. ಕಾಫಿಪುಡಿ, ಎಣ್ಣೆ, ಬಿಸ್ಕತ್ತು, ಸೋಪಿನಪುಡಿ, ಎಲ್ಲದರ ಮೇಲೂ ಬಣ್ಣದ ಚಿತ್ರ. ಡಬ್ಬ ಖಾಲಿಯಾದರೂ ಎಸೆಯುತ್ತಿರಲಿಲ್ಲ, ಬಂದವರಿಗೆ ಕಾಣುವಂತೆ ಮುಂದಿಡುತ್ತಿದ್ದರು. ನನಗೋ ಮೊದಲಿನಿಂದಲೂ ಸ್ವಲ್ಪ ಮೊಂಡುತನ. ಚಿತ್ರಕ್ಕೆ ನಾನೇಕೆ ದುಡ್ಡು ಕೊಡಲಿ ಎಂದು ಎಲ್ಲವನ್ನೂ ಬಿಡಿಯಾಗಿ ತರುವುದಕ್ಕೆ ಶುರುಮಾಡಿದೆ. ಚೇಚ್ಚಿ ಅಂಗಡಿ ತೋರಿಸಿಕೊಟ್ಟಳು. ಬಟ್ಟೆ ಸೋಪನ್ನು ಉದ್ದನೆಯ ಗಟ್ಟಿಯಿಂದ ತಂತಿಯಲ್ಲಿ ಕೊಯ್ದು ಕೊಡುತ್ತಿದ್ದರು. ಚಹಾಪುಡಿ ಪೇಪರಿನ ಪೊಟ್ಟಣದಲ್ಲಿ. ಬೇಕರಿಯಲ್ಲಿ ಮುರಿದ ಬಿಸ್ಕತ್ತನ್ನು ಬೇರೆ ಡಬ್ಬದಲ್ಲಿಟ್ಟು ಅರ್ಧ ಬೆಲೆಗೆ ಮಾರುತ್ತಿದ್ದರು. ಹೇಗೂ ಹಲ್ಲಿನಲ್ಲಿ ಮುರಿಯುವುದೇ ತಾನೇ!

ಒಂದೇ ಒಂದು ವಿಷಯದಲ್ಲಿ ನಾನು ತುಂಬಾ ದಿನ ಹಿಂದೇಟು ಹಾಕಿದ್ದೆ, ಎಣ್ಣೆ. ಮೈಸೂರಿನವರಾದ ನಮಗೆ ಅಡುಗೆಗೆ ಕಡಲೆಕಾಯಿ ಎಣ್ಣೆ, ತಲೆಗೆ ಕೊಬ್ಬರಿ ಎಣ್ಣೆ. ಅಲ್ಲಿ ಕಡಲೆಕಾಯಿ ಎಣ್ಣೆ ಒಳ್ಳೆಯದು ಬೇಕೆಂದರೆ ಸೀಲು ಹಾಕಿದ ಡಬ್ಬದಲ್ಲೇ ಕೊಳ್ಳಬೇಕು. ಕೊಬ್ಬರಿ ಎಣ್ಣೆಯಾದರೆ ಸೀಸೆ ಹಿಡಿದುಕೊಂಡು ಹೋದರೆ ಸಾಕು, ಕೈಯಲ್ಲಿದ್ದ ಕಾಸಿಗೆ ಅಳೆದು ಕೊಡುತ್ತಿದ್ದರು. ಕೊನೆಗೊಂದು ದಿನ ಧೈರ್ಯ ಮಾಡಿ ಕೊಬ್ಬರಿ ಎಣ್ಣೆಯಲ್ಲೇ ಒಗ್ಗರಣೆ ಹಾಕಿದೆ. ಇವರು ಆಫೀಸಿನಿಂದ ಬಂದವರು ಬಾಗಿಲಲ್ಲೇ ನಿಂತು ಮೂಗರಳಿಸಿದರು.

"ಏನೇ ಸರಸು, ಅಡುಗೆ ಮಾಡ್ತಿದ್ದೀಯೋ, ಜಡೆ ಹಾಕ್ಕೊಳ್ತಿದ್ದೀಯೋ?"

"ಎರಡೂ. ಕೈಕಾಲು ತೊಳ್ಕೊಂಡು ಬನ್ನಿ" ಎಂದೆ.

ಮುಖ ಕಿವುಚಿಕೊಂಡೇ ಊಟ ಮಾಡಿದರು. ತಿಂಗಳು ಕಳೆಯುವಷ್ಟರಲ್ಲಿ ಅದೇ ಎಣ್ಣೆಯ ಹಪ್ಪಳಕ್ಕೆ ಕೈ ಚಾಚುತ್ತಿದ್ದರು. ನಾನು ಗೆದ್ದೆ ಎಂದುಕೊಂಡೆ.

ಅಷ್ಟರಲ್ಲಿ ನಾನು ಬಸುರಿಯಾದೆ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ನನಗೆ ತವರೆಂದರೆ ಅಣ್ಣನ ಮನೆ. ಅಮ್ಮ ನಾನು ಲಂಗ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಾಗಲೇ ತೀರಿಕೊಂಡಿದ್ದಳು. ಅಣ್ಣ ಕಾಗದದಲ್ಲಿ ಎಲ್ಲರ ಕ್ಷೇಮ ವಿಚಾರಿಸಿದ್ದ, ಹೆರಿಗೆಯ ಮಾತು ಎತ್ತಿರಲಿಲ್ಲ. ಅತ್ತಿಗೆಗೂ ಸಣ್ಣ ಮಕ್ಕಳು, ತಪ್ಪು ಹೇಳಲಾರೆ. ಆದರೆ ಆ ಕಾಗದ ಓದಿದ ದಿನ ನನಗೆ ಊಟ ಸೇರಲಿಲ್ಲ. ಹೊರದೇಶದಂಥ ಊರು, ಬಾರದ ಭಾಷೆ, ಮೊದಲ ಹೆರಿಗೆ. ಚೇಚ್ಚಿಯೊಬ್ಬಳನ್ನು ಬಿಟ್ಟರೆ ಯಾರೂ ಇಲ್ಲ.

ಆಗ ನಮ್ಮ ಅತ್ತೆ ತಾವೇ ಬರುವುದಾಗಿ ಬರೆಸಿದರು. ಮದುವೆಯಾದ ಮೇಲೆ ಅವರ ಜೊತೆ ನಾನು ಇದ್ದದ್ದು ಸ್ವಲ್ಪವೇ ದಿನ. ಎತ್ತರದ ಗಟ್ಟಿ ಹೆಂಗಸು, ಮಾತು ಕಡಿಮೆ, ಆಡಿದ್ದು ಆಜ್ಞೆ. ಸಂತೋಷವೂ ಆಯಿತು, ಹೆದರಿಕೆಯೂ ಆಯಿತು.

ನನಗೆ ಏಳು ತುಂಬಿದ್ದಾಗ ಬೆಂಗಳೂರಿನ ರೈಲಿನಲ್ಲಿ ಬಂದಿಳಿದರು. ಮನೆಗೆ ಬಂದು ಕಾಲು ತೊಳೆದುಕೊಂಡವರು ಮೊದಲು ನೋಡಿದ್ದು ನನ್ನ ಮುಖವನ್ನಲ್ಲ, ಪಾದವನ್ನು. ಏಳನೆಯ ತಿಂಗಳಿಂದ ನನ್ನ ಪಾದ ಸ್ವಲ್ಪ ಬಾತುಕೊಂಡಿತ್ತು. ಕುಕ್ಕರಗಾಲಲ್ಲಿ ಕೂತು ನನ್ನ ಹರಡಿನ ಮೇಲೆ ಹೆಬ್ಬೆಟ್ಟು ಒತ್ತಿದರು. ಸಣ್ಣ ಗುಳಿ ಬಿತ್ತು. ಅತ್ತೆಯ ಮುಖ ಕಪ್ಪಿಟ್ಟಿತು. ಎದ್ದು ನೇರವಾಗಿ ಅಡುಗೆಮನೆಗೆ ಹೋದರು.

"ಈ ಎಣ್ಣೆ ಯಾವುದು?"

"ಕೊಬ್ಬರಿ ಎಣ್ಣೆ ಅತ್ತೆ. ಇಲ್ಲಿ ಎಲ್ಲರೂ ಇದನ್ನೇ..."

"ಅದಲ್ಲ ಕೇಳಿದ್ದು. ಯಾರ ಎಣ್ಣೆ? ಹೆಸರೇನು?"

"ಹೆಸರಿಲ್ಲ. ಬಿಡಿ ಎಣ್ಣೆ. ಅಂಗಡೀಲಿ ಅಳೆದು ಕೊಡ್ತಾರೆ."

ಅತ್ತೆ ಸೀಸೆಯನ್ನು ತೆಗೆದುಕೊಂಡು ಹೋಗಿ ಬಾವಿಯ ಪಕ್ಕದ ಬಾಳೆಯ ಬುಡಕ್ಕೆ ಸುರಿದುಬಿಟ್ಟರು. ಹಿಂದೆಯೇ ಚಹಾಪುಡಿ, ಅರಿಸಿನದಪುಡಿ, ಮೆಣಸಿನಪುಡಿಯ ಪೊಟ್ಟಣಗಳೂ ಹೋದವು. ನನ್ನ ಮುರಿದ ಬಿಸ್ಕತ್ತುಗಳನ್ನು ಕಾಗೆಗಳು ತಿಂದವು. ಸಾಯಂಕಾಲ ಮಗ ಬಂದ ಕೂಡಲೇ ಹೇಳಿದರು, "ನಾಗೂ, ಇವತ್ತಿಂದ ಈ ಮನೆಗೆ ಸೀಲ್ ಇಲ್ಲದ ಡಬ್ಬ ಬರಕೂಡದು."

ಇವರು "ಆಯ್ತಮ್ಮ" ಎಂದರು. ಅಮ್ಮನ ಮುಂದೆ ಇವರಿಗೆ ಬರುತ್ತಿದ್ದದ್ದು ಆ ಒಂದೇ ಮಾತು.

ಮಾರನೆಯ ದಿನ ನನ್ನನ್ನು ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ಬಸುರಿಯರಿಗೆ ಕಾಲು ಇಷ್ಟು ಬಾತುಕೊಳ್ಳುವುದು ಇದ್ದದ್ದೇ, ಕಾಲು ಎತ್ತರದಲ್ಲಿಟ್ಟು ಮಲಗಿಸಿ ಎಂದರು. ಅತ್ತೆ ತಲೆಯಾಡಿಸಿದರು. ಆದರೆ ನಂಬಿದ ಹಾಗೆ ಕಾಣಲಿಲ್ಲ.

ಅಂದಿನಿಂದ ನಮ್ಮ ಮನೆಗೂ ಚಿತ್ರದ ಡಬ್ಬಗಳು ಬಂದವು. ಅತ್ತೆ ಪ್ರತಿ ಡಬ್ಬವನ್ನೂ ಬೆಳಕಿಗೆ ಹಿಡಿದು ಸೀಲು ತಿರುಗಿಸಿ ತಿರುಗಿಸಿ ನೋಡಿ, ತಾವೇ ತೆರೆಯುತ್ತಿದ್ದರು. ನನಗೆ ಒಳಗೊಳಗೇ ಸಿಟ್ಟು. ತಿರುವನಂತಪುರದ ಆಫೀಸರ ಹೆಂಡತಿಯರಿಗೂ ಇವರಿಗೂ ಏನು ವ್ಯತ್ಯಾಸ ಎಂದುಕೊಂಡೆ. ಹಾಗೆಂದು ದೂರುವುದಕ್ಕೂ ಆಗದು. ಬೆಳಿಗ್ಗೆ ಏಳುವಷ್ಟರಲ್ಲಿ ನೀರು ಕಾದಿರುತ್ತಿತ್ತು. ನನಗೆ ತಲೆ ಬಾಚುತ್ತಿದ್ದರು, ಬೆನ್ನು ನೀವುತ್ತಿದ್ದರು. ಬಾಣಂತಿಗೆ ಬೇಕಾದ ಹಳೆಯ ಮೆತ್ತನೆಯ ಸೀರೆಗಳನ್ನು ಮೈಸೂರಿನಿಂದಲೇ ಹೊತ್ತು ತಂದಿದ್ದರು. ಬೇರೆ ಯಾರೂ ನನಗೆ ಅಷ್ಟು ಮಾಡಿದ ನೆನಪಿರಲಿಲ್ಲ.

ಖರ್ಚನ್ನು ಇವರು ಎಲ್ಲಿಂದ ತೂಗಿಸುತ್ತಿದ್ದಾರೆ ಎಂದು ನನಗೆ ಅನುಮಾನವಿತ್ತು. ಕೇಳಿದರೆ "ನೀನು ಸುಮ್ಮನಿರು" ಎನ್ನುತ್ತಿದ್ದರು. ಒಂದು ಸಾಯಂಕಾಲ ಅಂಗಿಯೆಲ್ಲ ಒದ್ದೆಯಾಗಿ ಬಂದರು. ಆಕಾಶದಲ್ಲಿ ಮೋಡವಿಲ್ಲ. ಅತ್ತೆ ಚಪ್ಪಲಿ ಎತ್ತಿ ನೋಡಿದರು. ಹಿಮ್ಮಡಿಯಲ್ಲಿ ತೂತಾಗಿತ್ತು.

"ಬಸ್ಸಲ್ಲಿ ಬರೋನ ಚಪ್ಪಲಿ ಹೀಗೆ ಸವೆಯುತ್ತೇನೋ?"

ಸುಳ್ಳು ಹೇಳುವುದೂ ಇವರಿಗೆ ಬರುವುದಿಲ್ಲ. ಬಸ್ ಚಾರ್ಜು ಉಳಿಸುವುದಕ್ಕೆ ದಾರಿಯಲ್ಲಿ ಮೊದಲೇ ಸಿಗುವ ವೈಟ್ಟಿಲದಲ್ಲೇ ಇಳಿದು ಅಲ್ಲಿಂದ ನಡೆದು ಬರುತ್ತಿದ್ದರು. ಮಧ್ಯಾಹ್ನದ ಕಾಫಿ ತಿಂಡಿಯನ್ನೂ ಬಿಟ್ಟಿದ್ದರು. ಅತ್ತೆ ಮಗನಿಗೆ ಬಡಿಸಿ ಒಳಗೆ ಹೋದರು.

ಮರುದಿನ ಇವರು ಆಫೀಸಿಗೆ ಹೋದ ಮೇಲೆ ನೋಡಿದರೆ ಅತ್ತೆ ಟ್ರಂಕಿಗೆ ಸೀರೆ ಜೋಡಿಸುತ್ತಿದ್ದಾರೆ.

"ನಾನು ಊರಿಗೆ ಹೋಗ್ತೀನಿ ಸರಸು. ಮೂರು ಜನಕ್ಕೆ ಆಗೋ ಎಣ್ಣೆ ಡಬ್ಬ ನಿನ್ನೊಬ್ಬಳಿಗಾದ್ರೆ ಹೆರಿಗೆ ತನಕ ಬರುತ್ತೆ. ನಾಗು ಮಜ್ಜಿಗೆ ಅನ್ನದಲ್ಲೇ ದೂಡ್ಲಿ. ದಿನ ಹತ್ತಿರ ಬಂದಾಗ ಬರ್ತೀನಿ."

ಒಮ್ಮೆ ಹೋದರೆ ಮತ್ತೆ ಬರುವ ರೈಲು ಚಾರ್ಜಿಗೆ ದಾರಿಯಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ನನಗೆ ತಡೆಯಲಾಗಲಿಲ್ಲ. "ಬಿಡಿ ಎಣ್ಣೆ ತಂದ್ರೆ ಎಲ್ಲಾ ಸರಿಹೋಗುತ್ತಲ್ಲ ಅತ್ತೆ? ಈ ಊರಿಗೆ ಊರೇ ತಿನ್ನೋದಿಲ್ವಾ? ಡಬ್ಬದ ಮೇಲಿನ ಹೆಸರಿಗೋಸ್ಕರ ನನ್ನನ್ನ ಒಬ್ಬಳನ್ನೇ ಬಿಟ್ಟು ಹೋಗ್ತೀರಾ?" ಎಂದು ಅತ್ತುಬಿಟ್ಟೆ.

ಅತ್ತೆ ಟ್ರಂಕಿನ ಪಕ್ಕದಲ್ಲೇ ಕೂತರು. ಸ್ವಲ್ಪ ಹೊತ್ತು ಸೀರೆಯ ಮಡಿಕೆ ಸರಿಮಾಡುತ್ತಿದ್ದರು. ಆಮೇಲೆ ಹೇಳಿದರು.

"ನಾಗುಗೆ ಮುಂಚೆ ನನಗೆ ಒಂದು ಹೆಣ್ಣು ಮಗು ಇತ್ತು. ಪದ್ಮ ಅಂತ. ಆಗ ನಾವು ಹಳ್ಳಿ ಕಡೆ ಇದ್ವಿ. ಬಿಡಿ ಎಣ್ಣೆ ಮಾರೋನೊಬ್ಬ ಬರ್ತಿದ್ದ. ಅಗ್ಗ ಅಂತ ಕೇರಿಯೋರೆಲ್ಲ ತಗೊಂಡ್ವಿ. ಏನು ಬೆರೆಸಿದ್ನೋ ಪುಣ್ಯಾತ್ಮ. ಒಬ್ಬೊಬ್ಬರದೇ ಕಾಲು ಬಾತುಕೊಳ್ಳೋಕೆ ಶುರುವಾಯ್ತು. ಒತ್ತಿದ್ರೆ ಗುಳಿ ಬೀಳ್ತಿತ್ತು. ದೊಡ್ಡೋರು ಹೇಗೋ ಉಳಿದ್ವಿ. ಅವಳು ಉಳೀಲಿಲ್ಲ. ಅಗ್ಗ ಅಂತ ತಗೊಂಡೋಳು ನಾನೇ ಕಣೆ. ಆ ಎಣ್ಣೇಲಿ ಒತ್ತು ಶ್ಯಾವಿಗೆಗೆ ಒಗ್ಗರಣೆ ಹಾಕಿ ಅವಳಿಗೆ ತಿನ್ನಿಸಿದೋಳೂ ನಾನೇ. ಬಂದ ದಿನ ನಿನ್ನ ಕಾಲು ನೋಡಿ ನನ್ನ ಜೀವ ಹೋದ ಹಾಗಾಯ್ತು."

ನಮ್ಮವರಿಗೆ ಒಬ್ಬ ಅಕ್ಕ ಇದ್ದು ಹೋದಳೆಂದು ಮಾತ್ರ ನನಗೆ ಗೊತ್ತಿತ್ತು. ಈ ಕಥೆ ಇವರಿಗೂ ಪೂರ್ತಿ ಗೊತ್ತಿರಲಿಲ್ಲ. ನಾನು ಅತ್ತೆಯ ಪಕ್ಕದಲ್ಲಿ ಕೂತೆ. ಇನ್ನು ಯಾವ ಬಾಯಲ್ಲಿ ಬಿಡಿ ಎಣ್ಣೆ ತನ್ನಿ ಎನ್ನಲಿ?

ಬಾವಿಕಟ್ಟೆಯ ಹತ್ತಿರ ಬಂದು ಮುಖ ತೊಳೆದುಕೊಳ್ಳುತ್ತಿದ್ದಾಗ ಬೇಲಿಯಾಚೆಯಿಂದ ಚೇಚ್ಚಿ ನೋಡಿದಳು. "ಎಂದಾ ಮೋಳೇ?" ಏನಾಯ್ತು ಮಗಳೇ ಎಂದು ಕೇಳಿದಳು. ನನ್ನ ಅರೆಬರೆ ಮಲಯಾಳದಲ್ಲಿ, ಬಾರದ ಕಡೆ ಕೈಸನ್ನೆಯಲ್ಲಿ, ಎಲ್ಲವನ್ನೂ ಹೇಳಿದೆ. ಚೇಚ್ಚಿ ಕೇಳಿಸಿಕೊಂಡು ಒಳಗೆ ಹೋದಳು.

ಸ್ವಲ್ಪ ಹೊತ್ತಿಗೆ ಒಂದು ದೊಡ್ಡ ಚಾಪೆ, ಬುಟ್ಟಿ ತುಂಬ ಒಡೆದ ತೆಂಗಿನಕಾಯಿ ಹೊತ್ತುಕೊಂಡು ನಮ್ಮ ಅಂಗಳಕ್ಕೇ ಬಂದಳು. ಆ ಕಡೆ ಅಂಗಡಿಯ ಎಣ್ಣೆಯನ್ನು ಕೊಳ್ಳುವುದು ಮನೆಯಲ್ಲಿ ತೆಂಗಿನ ಮರ ಇಲ್ಲದವರು ಮಾತ್ರ. ಇದ್ದವರು ಕಾಯಿ ಒಡೆದು ಅಂಗಳದಲ್ಲಿ ಒಣಗಿಸಿ, ಕೊಬ್ಬರಿ ಮಾಡಿ, ಗಾಣಕ್ಕೆ ಕೊಟ್ಟು ಎಣ್ಣೆ ಮಾಡಿಸಿಕೊಳ್ಳುತ್ತಾರೆ. ಚೇಚ್ಚಿ ಕಾಯಿಯ ಹೋಳುಗಳನ್ನು ಚಾಪೆಯ ಮೇಲೆ ಬಿಸಿಲಿಗೆ ಮೇಲ್ಮುಖವಾಗಿ ಹರಡಿದಳು. ಬಾಗಿಲಲ್ಲಿ ನಿಂತಿದ್ದ ಅತ್ತೆಯ ಕೈಗೆ ಒಂದು ಉದ್ದನೆಯ ಕೋಲು ಕೊಟ್ಟಳು.

"ಅಮ್ಮೇ, ಕಾಕ್ಕ ವರುಂ. ನೋಕ್ಕಣೇ" ಎಂದಳು. ಕಾಗೆ ಬರುತ್ತದೆ, ನೋಡಿಕೊಳ್ಳಿ.

ಅತ್ತೆ ನನ್ನ ಕಡೆ ನೋಡಿದರು. "ಅವಳ ಮನೇಲಿ ಅಂಗಳ ಇಲ್ವಾ?"

"ಇಲ್ಲಿ ಬಿಸಿಲು ಚೆನ್ನಾಗಿದೆಯಂತೆ" ಎಂದೆ. ಚೇಚ್ಚಿಯ ಅಂಗಳ ನಮ್ಮದರ ಎರಡರಷ್ಟಿತ್ತು.

ಬೇರೆಯವರ ಪದಾರ್ಥವನ್ನು ನಮ್ಮ ಕೈಗೆ ಒಪ್ಪಿಸಿ ಹೋದರೆ ಬಿಟ್ಟು ಊರಿಗೆ ಹೊರಡುವುದು ಹೇಗೆ? ಅತ್ತೆ ಅಂಥವರಲ್ಲ. ಟ್ರಂಕು ಅರ್ಧ ತುಂಬಿದ್ದು ಅಲ್ಲೇ ಉಳಿಯಿತು. ಸೆರಗು ತಲೆಗೆ ಹೊದ್ದು ಮೆಟ್ಟಿಲ ಮೇಲೆ ಕೂತು ಕೋಲು ಬೀಸುತ್ತಿದ್ದರು. ಕಾಗೆಗಳಿಗೆ ಮೈಸೂರಿನ ಶುದ್ಧ ಕನ್ನಡದಲ್ಲಿ ಬೈಗುಳ. ಸಂಜೆ ಇಬ್ಬನಿ ತಗಲದಂತೆ ಒಳಗೆ ತರುವುದು, ಬೆಳಿಗ್ಗೆ ಮತ್ತೆ ಹರಡುವುದು, ಮಗುಚಿ ಹಾಕುವುದು, ಎಲ್ಲವನ್ನೂ ತಾವೇ ಮಾಡಿದರು. ಚೇಚ್ಚಿ ಬಂದು ಪಕ್ಕದಲ್ಲಿ ಕೂರುವಳು. ಇವರು ಕನ್ನಡದಲ್ಲಿ, ಅವಳು ಮಲಯಾಳದಲ್ಲಿ ಗಂಟೆಗಟ್ಟಲೆ ಹರಟೆ. ಒಂದು ಸಲ ನಾನು ಅನುವಾದ ಮಾಡಲು ಹೋದರೆ ಅತ್ತೆ "ನೀನು ಮಧ್ಯ ಬಾಯಿ ಹಾಕಬೇಡ" ಎಂದು ಗದರಿದರು.

ಕೊಬ್ಬರಿ ಮುರಿದರೆ ಲಟ್ಟೆನ್ನುವಷ್ಟು ಒಣಗಿದ ಮೇಲೆ ಚೇಚ್ಚಿ ಅದನ್ನು ಚೀಲಕ್ಕೆ ತುಂಬಿದಳು. ಅರ್ಧ ನಮಗೆಂದು ಹೇಳಿದಳು. ವ್ಯಾಪಾರಿ ಅವಳಿಗೆ ಕೊಡುತ್ತಿದ್ದ ದರಕ್ಕೇ ತೆಗೆದುಕೊಳ್ಳುವುದೆಂದು ಅತ್ತೆ ಪಟ್ಟುಹಿಡಿದು ಒಪ್ಪಿಸಿದರು. ಹಾಗೆ ಹಿಡಿದರೂ ಡಬ್ಬದ ಎಣ್ಣೆಗಿಂತ ಎಷ್ಟೋ ಅಗ್ಗ. ಆದರೆ ಅತ್ತೆ ಇನ್ನೂ ತಿನ್ನುತ್ತೇನೆ ಎಂದಿರಲಿಲ್ಲ. "ಗಾಣದಲ್ಲಿ ಏನು ಮಾಡ್ತಾರೋ ಯಾರಿಗೆ ಗೊತ್ತು" ಎಂದು ತಾವೂ ಹೊರಟರು. ನಾನೂ ನಿಧಾನವಾಗಿ ಹಿಂದೆ ಹೋದೆ.

ಗಾಣ ದೇವಸ್ಥಾನದ ಹಿಂದಿನ ರಸ್ತೆಯಲ್ಲಿತ್ತು. ಕರೆಂಟಿನದು. ಯಜಮಾನರು ಪೌಲೋಸ್ ಚೇಟ್ಟನ್ ಎಂಬ ದಪ್ಪ ಮೀಸೆಯ ಮನುಷ್ಯ. ಅಲ್ಲಿ ಅಣ್ಣನಿಗೆ ಚೇಟ್ಟನ್ ಎನ್ನುತ್ತಾರೆ. ಅತ್ತೆ ಬಗ್ಗಿ ಗಾಣದೊಳಗೆ ಇಣುಕಿ, ಹಿಂದಿನವರ ಹಿಂಡಿ ಮೂಲೆಯಲ್ಲಿ ಅಂಟಿದೆ, ತೆಗೆಯಬೇಕು ಎಂದರು. ನಾನು ನಾಚಿಕೆಯಿಂದ ಅದನ್ನು ಮಲಯಾಳದಲ್ಲಿ ಹೇಳಿದೆ. ಅವರು ಅತ್ತೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಬಟ್ಟೆ ತಂದು ಒರೆಸಿದರು. ಅತ್ತೆ ಮತ್ತೆ ಬೆರಳಾಡಿಸಿ ನೋಡಿದರು. ಅವರು ಮತ್ತೆ ಒರೆಸಿದರು. ಕೊನೆಗೆ ಮೀಸೆಯೊಳಗೇ ನಕ್ಕು, "ಅಮ್ಮ ತನ್ನೆ ಇಟ್ಟೋ", ನೀವೇ ಹಾಕಿ ಎಂದು ಪಕ್ಕಕ್ಕೆ ಸರಿದು ನಿಂತರು.

ಅತ್ತೆ ತಾವೇ ಹಿಡಿ ಹಿಡಿಯಾಗಿ ಕೊಬ್ಬರಿ ಹಾಕಿದರು. ಎಣ್ಣೆ ಇಳಿದು ಪಾತ್ರೆಗೆ ಬೀಳುವವರೆಗೂ ಕದಲಲಿಲ್ಲ. ಮನೆಯಿಂದ ತಂದಿದ್ದ ಹಿಡಿಕೆಯ ಪಾತ್ರೆಗೆ ತುಂಬಿಸಿ, ಬಟ್ಟೆ ಕಟ್ಟಿ, ಯಾರ ಕೈಗೂ ಕೊಡದೆ ತಾವೇ ಎತ್ತಿಕೊಂಡು ಬಂದರು. ಇನ್ನು ಗೆದ್ದಂತೆಯೇ ಎಂದುಕೊಂಡೆ.

ಅಂದು ಸಂಜೆ ಅಡುಗೆಮನೆಯಲ್ಲಿ ನೋಡಿದರೆ ಎರಡು ಬಾಣಲೆ. ಒಂದರಲ್ಲಿ ಡಬ್ಬದ ಎಣ್ಣೆಯ ಪಲ್ಯ ನಮಗೆ. ಇನ್ನೊಂದರಲ್ಲಿ ಹೊಸ ಎಣ್ಣೆಯದು ಅತ್ತೆಗೆ. ಮರುದಿನವೂ ಹಾಗೆಯೇ, ಅದರ ಮರುದಿನವೂ.

"ಅಮ್ಮನಿಗೆ ರುಚಿ ಹತ್ತಿಬಿಟ್ಟಿದೆ. ನಮಗೆ ಕೊಡೋಕೆ ಮನಸ್ಸಿಲ್ಲ" ಎಂದು ಇವರು ತಮಾಷೆ ಮಾಡಿದರು. ನಾನೂ ನಕ್ಕೆ. ಬಸುರಿಗೆ ಎದುರಿಗೇ ಘಮಘಮ ಎನ್ನುವ ಪಲ್ಯವಿದ್ದೂ ಕೊಡದ ಅತ್ತೆಯ ಮೇಲೆ ಸ್ವಲ್ಪ ಮುನಿಸೂ ಬಂತು.

ಒಂದು ಬೆಳಿಗ್ಗೆ ನಾನು ಬೇಗ ಎದ್ದೆ. ಅತ್ತೆ ಹಿಂದಿನ ಮೆಟ್ಟಿಲ ಮೇಲೆ ಬೆನ್ನು ಹಾಕಿ ಕೂತಿದ್ದರು. ಸೀರೆಯನ್ನು ಕಣಕಾಲಿನವರೆಗೆ ಸರಿಸಿದ್ದರು. ಬೆಳಕಿಗೆ ಬಗ್ಗಿ ತಮ್ಮ ಹರಡಿನ ಮೇಲೆ ಹೆಬ್ಬೆಟ್ಟು ಒತ್ತುತ್ತಿದ್ದರು. ಬಿಡುವರು, ದಿಟ್ಟಿಸಿ ನೋಡುವರು. ಇನ್ನೊಂದು ಕಾಲನ್ನೂ ಹಾಗೆಯೇ ಒತ್ತಿ ನೋಡುವರು.

ನನಗೆ ಆಗ ಹೊಳೆಯಿತು.

"ಅತ್ತೆ, ಏನು ಮಾಡ್ತಿದ್ದೀರಾ?"

ತಟ್ಟನೆ ಸೀರೆ ಇಳಿಸಿದರು. "ಏನಿಲ್ಲ. ಸೊಳ್ಳೆ."

"ನಿಮ್ಮ ಮುಂದೇನೇ ಹಿಂಡಿಸಿದ್ದಲ್ವಾ ಆ ಎಣ್ಣೆ? ನಿಮ್ಮ ಕೈಯಾರೆ ಒಣಗಿಸಿದ್ದಲ್ವಾ?"

"ಹೌದು. ಕಣ್ಣಾರೆ ಕಂಡೆ. ಆದ್ರೆ ಕಣ್ಣಿಗೆ ಏನು ಗೊತ್ತಾಗುತ್ತೆ ಸರಸು? ಅವತ್ತಿನ ಎಣ್ಣೇನೂ ನೋಡೋಕೆ ಚಿನ್ನದ ಹಾಗೇ ಇತ್ತು." ಸೀರೆ ಕೊಡವಿಕೊಳ್ಳುತ್ತಾ ಹೇಳಿದರು, "ಇನ್ನು ನಾಲ್ಕು ದಿನ ನೋಡ್ತೀನಿ. ಆಗೋದಿದ್ರೆ ನನಗಾಗ್ಲಿ. ಆಮೇಲೆ ನಿನಗೆ ಹಾಕ್ತೀನಿ. ಬೇಜಾರು ಮಾಡ್ಕೋಬೇಡ."

ಬೇಜಾರು! ಅವರ ಪಕ್ಕದಲ್ಲಿ ಕೂತು ತೋಳಿಗೆ ತಲೆ ಆನಿಸಿದೆ. "ಬೆಳಿಗ್ಗೆ ಬೆಳಿಗ್ಗೆ ಅಳಬಾರದು, ಮಗೂಗಾಗೋಲ್ಲ" ಎಂದು ಗದರಿದರು. ಆದರೆ ತೋಳು ಸರಿಸಲಿಲ್ಲ.

ನಾಲ್ಕು ದಿನ ಎಂದವರು ಎಷ್ಟೋ ದಿನ ನೋಡಿದರು. ಕೊನೆಗೆ ಒಂದು ಮಧ್ಯಾಹ್ನ ನನ್ನ ತಟ್ಟೆಗೆ ಹುರುಳಿಕಾಯಿ ಪಲ್ಯ ಬಡಿಸಿ ಎದುರಿಗೇ ಕೂತರು. ಒಂದೇ ಬಾಣಲೆಯ ಪಲ್ಯ. ನಾನು ಮೊದಲ ತುತ್ತು ಬಾಯಿಗಿಡುವಾಗ ಅವರ ತುಟಿ ಅಲುಗಾಡುತ್ತಿತ್ತು, ಯಾವ ದೇವರಿಗೆ ಏನು ಹೇಳಿಕೊಂಡರೋ. ನಾನು ಎರಡನೆಯ ಸಲ ಹಾಕಿಸಿಕೊಂಡೆ. ಅಂದು ಸಂಜೆ ಟ್ರಂಕಿನ ಸೀರೆಗಳು ಮತ್ತೆ ಹಗ್ಗದ ಮೇಲೆ ಬಂದವು. ಇವರು ಮನೆ ಬಾಗಿಲವರೆಗೂ ಬಸ್ಸಿನಲ್ಲಿ ಬರತೊಡಗಿದರು.

ಸಂಕ್ರಾಂತಿ ಕಳೆದ ಮೇಲೆ ನೋವು ಕಾಣಿಸಿಕೊಂಡಿತು. ಎರ್ನಾಕುಳಂನ ಆಸ್ಪತ್ರೆಗೆ ಟ್ಯಾಕ್ಸಿಯಲ್ಲಿ ಕರೆದುಕೊಂಡು ಹೋದರು. ಇವರು ಚೀಟಿ ಮಾಡಿಸಲು ಓಡಿದರು. ಒಳಗೆ ಬಿಳಿ ಟೋಪಿಯ ನರ್ಸು ನನ್ನ ಕೈ ಹಿಡಿದು ಕೇಳಿದಳು, "ಕೂಡೆ ಆರಾ?" ಜೊತೆಗೆ ಯಾರು ಬಂದಿದ್ದಾರೆ ಎಂದು.

ನೋವಿನಲ್ಲಿ ನಾನು ಯೋಚಿಸಲಿಲ್ಲ. ಅತ್ತೆಯ ಕಡೆ ಕೈ ತೋರಿಸಿ, "ಅಮ್ಮ" ಎಂದೆ.

ಆ ಮಾತು ಎರಡು ಭಾಷೆಯಲ್ಲೂ ಒಂದೇ. ಅತ್ತೆಗೆ ಕೇಳಿಸಿತು, ತಿಳಿಯಿತು. ಅತ್ತೆ ಎಂದು ಅವರು ತಿದ್ದಲಿಲ್ಲ. ಸೆರಗಿನಿಂದ ನನ್ನ ಹಣೆಯ ಬೆವರು ಒರೆಸಿ, ನರ್ಸಿಗೆ ಕನ್ನಡದಲ್ಲೇ, "ಮಗೂನ ಹುಷಾರಾಗಿ ನೋಡ್ಕೊಳಮ್ಮ" ಎಂದರು. ಯಾವ ಮಗು, ನಾನೋ, ಹುಟ್ಟಲಿದ್ದದ್ದೋ, ನಾನು ಕೇಳಲಿಲ್ಲ. ಸಾಯಂಕಾಲ ಮಗಳು ಹುಟ್ಟಿದಳು. ಬಾಣಂತನ ಮುಗಿಸಿಯೇ ಅವರು ಊರಿಗೆ ಹೋದದ್ದು.

ಅತ್ತೆ ತೀರಿಕೊಂಡು ಈಗ ಬಹಳ ವರ್ಷಗಳಾದವು. ಎಂದಾದರೂ ಯಾರಾದರೂ ನನ್ನ ತಾಯಿಯ ವಿಷಯ ಕೇಳಿದರೆ ಒಂದು ಗಳಿಗೆ ತಡವರಿಸುತ್ತೇನೆ. ಚಿಕ್ಕಂದಿನಲ್ಲೇ ತೀರಿಕೊಂಡರು ಎಂದು ಹೇಳಲು ಇವತ್ತಿಗೂ ನನಗೆ ಬಾಯಿ ಬರುವುದಿಲ್ಲ.